ಹುಳುವಿನ ಹಗೆಯನ್ನು ಹುಡುಕಿದವನು: ಚಾರ್ಲ್ಸ್ ವ್ಯಾಲೆಂಟೈನ್ ರೈಲಿ

ಬೆಳೆಗೆ ಹುಳು ಬಿದ್ದೊಡನೆ ನಮ್ಮ ರೈತರು ‘ಔಷಧಿ’ ಹೊಡೆಯುತ್ತಾರೆ. ಹೆಸರು ಔಷಧಿಯಾದರೂ ಅದು ವಿಷವೇ ಸರಿ. ಎಲೆ ತಿನ್ನುವ ಹುಳುವನ್ನೂ, ಆ ಹುಳುವನ್ನೇ ತಿನ್ನುವ ಹುಳುವನ್ನೂ ಅದು ಒಟ್ಟಿಗೆ ಕೊಲ್ಲುತ್ತದೆ. ಹೊಡೆಯುವವನ ಮೈಯನ್ನೂ ಬಿಡುವುದಿಲ್ಲ. ತರಕಾರಿ ಬೆಳೆದು ಬದುಕುವ ಮನೆಯಿಂದ ಕಾಲೇಜಿಗೆ ಬಂದ ನನಗೆ, ಈ ಎರಡು ಬಗೆಯ ಹುಳುಗಳ ಭೇದವನ್ನು ಅರಿತು ದುಡಿದ ರೈಲಿಯ ಬಾಳು ತಿಳಿಯತಕ್ಕದ್ದೆಂದು ತೋರಿತು.

ರೈಲಿ 1843ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ಬಾಲ್ಯದಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಶಾಲೆಗಳಲ್ಲಿ ಓದಿದನು. ಚಿತ್ರ ಬರೆಯುವುದರಲ್ಲಿ ಬಲು ಜಾಣ. ಹದಿನೇಳರ ಪ್ರಾಯದಲ್ಲಿ ಅಮೆರಿಕೆಗೆ ಹೋಗಿ ಇಲಿನಾಯ್ ಸಂಸ್ಥಾನದ ಒಂದು ಹೊಲದಲ್ಲಿ ಕೆಲಸಕ್ಕೆ ನಿಂತನು. ವಿಶ್ವವಿದ್ಯಾನಿಲಯದ ಓದು ಅವನಿಗೆ ದೊರೆಯಲಿಲ್ಲ, ಹೊಲವೇ ಪಾಠಶಾಲೆಯಾಯಿತು. ಬಳಿಕ ಷಿಕಾಗೋ ನಗರದ ಕೃಷಿ ಪತ್ರಿಕೆಯೊಂದರಲ್ಲಿ ಕೀಟಗಳ ವಿಷಯವಾಗಿ ಬರೆಯತೊಡಗಿದನು. 1868ರಲ್ಲಿ ಮಿಸ್ಸೌರಿ ಸಂಸ್ಥಾನವು ಅವನನ್ನು ಕೀಟಶಾಸ್ತ್ರಜ್ಞನನ್ನಾಗಿ ನೇಮಿಸಿತು. ಅಲ್ಲಿ ಬರೆದ ಒಂಬತ್ತು ವಾರ್ಷಿಕ ವರದಿಗಳಲ್ಲಿ ಕೀಟಗಳ ಬಾಳನ್ನು ಚಿತ್ರಸಹಿತ ವಿವರಿಸಿದನು.

ಆ ಕಾಲದಲ್ಲಿ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳು ಫಿಲಾಕ್ಸೆರ ಎಂಬ ಕೀಟದಿಂದ ಒಣಗುತ್ತಿದ್ದವು. ಅದು ಅಮೆರಿಕದಿಂದ ಹೋದ ಕೀಟವೇ ಎಂದು ಖಚಿತಪಡಿಸಿದವರಲ್ಲಿ ರೈಲಿ ಒಬ್ಬನು. ಅಮೆರಿಕದ ಬಳ್ಳಿಯ ಬೇರು ಆ ಕೀಟವನ್ನು ತಾಳಬಲ್ಲದು; ಆ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿಮಾಡುವ ಉಪಾಯದಿಂದ ತೋಟಗಳು ಉಳಿದವು.

ಎಲೆಕೋಸಿನ ಬಿಳಿ ಚಿಟ್ಟೆ ಯೂರೋಪಿನಿಂದ ಅಮೆರಿಕೆಗೆ ಬಂದಿತ್ತು. ಆದರೆ ಅದರ ಹಗೆ ಹಿಂದೆಯೇ ಉಳಿದಿತ್ತು. ಆ ಹಗೆ ಒಂದು ಸಣ್ಣ ಕಣಜ. ಚಿಟ್ಟೆಯ ಮರಿಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ, ಕಣಜದ ಮರಿಗಳು ಹುಳುವನ್ನು ಒಳಗಿನಿಂದಲೇ ತಿಂದು ಮುಗಿಸುತ್ತವೆ. ಆಗ ಕೇಂದ್ರ ಸರಕಾರದ ಕೀಟಶಾಸ್ತ್ರಜ್ಞನಾಗಿದ್ದ ರೈಲಿ, 1883–84ರಲ್ಲಿ ಇದನ್ನು ಇಂಗ್ಲೆಂಡಿನಿಂದ ತರಿಸಿದನು.

ಇದಕ್ಕಿಂತ ದೊಡ್ಡ ಗೆಲುವು ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳದು. ಆಸ್ಟ್ರೇಲಿಯದಿಂದ ಬಂದ ಬಿಳಿಯ ಶಲ್ಕಕೀಟವು ಮರಗಳ ರಸ ಹೀರಿ ಬೆಳೆಗಾರರನ್ನು ಕಂಗೆಡಿಸಿತ್ತು. ರೈಲಿ ತನ್ನ ಸಹಾಯಕ ಆಲ್ಬರ್ಟ್ ಕೋಬೆಲೆಯನ್ನು 1888ರಲ್ಲಿ ಆಸ್ಟ್ರೇಲಿಯಕ್ಕೆ ಕಳುಹಿಸಿದನು. ಅಲ್ಲಿಂದ ಬಂದ ವೆಡೇಲಿಯ ಎಂಬ ಗುಲಗಂಜಿ ಹುಳುಗಳಲ್ಲಿ ಮೊದಲ ಮೂರು ಕಂತು ಸೇರಿ 129. ಇಷ್ಟರಿಂದಲೇ ಸಂತತಿ ಬೆಳೆದು, ಎರಡು ವರ್ಷಗಳೊಳಗೆ ತೋಟಗಳು ಚೇತರಿಸಿಕೊಂಡವು. ಕೀರ್ತಿ ಯಾರಿಗೆಂಬ ವಾದ ಬಹುಕಾಲ ನಡೆಯಿತು. ಕಳುಹಿಸಿದವನು ರೈಲಿ, ಹುಡುಕಿದವನು ಕೋಬೆಲೆ ಎಂದರೆ ಇಬ್ಬರಿಗೂ ನ್ಯಾಯ ಸಲ್ಲುತ್ತದೆ.

ರೈಲಿ ಸಿಂಪಡಣೆಯನ್ನು ಪೂರ್ತಿ ತೊರೆದವನಲ್ಲ. ಸೀಮೆಎಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಬಳಸುವ ಕ್ರಮವನ್ನು ಅವನೂ ಪ್ರಚಾರ ಮಾಡಿದನು. ಆದರೆ ಮೊದಲು ಕೀಟದ ಬಾಳನ್ನು ತಿಳಿ, ಆಮೇಲೆ ಕೈಯೆತ್ತು ಎಂಬುದೇ ಅವನ ದಾರಿ. 1895ರಲ್ಲಿ ಸೈಕಲ್ಲಿನಿಂದ ಬಿದ್ದು ಅವನು ತೀರಿಕೊಂಡನು.

ಅವನ ದಾರಿಯನ್ನು ಮರೆತುದರ ಫಲ 1940ರ ದಶಕದ ಕೊನೆಯಲ್ಲಿ ಅದೇ ಕ್ಯಾಲಿಫೋರ್ನಿಯದಲ್ಲಿ ಕಂಡಿತು. ತೋಟಗಳಿಗೆ ಡಿ.ಡಿ.ಟಿ. ಹೊಡೆದಾಗ ವೆಡೇಲಿಯ ಸತ್ತು, ಶಲ್ಕಕೀಟ ಮತ್ತೆ ತಲೆಯೆತ್ತಿತು. ವಿಷ ನಿಲ್ಲಿಸಿದ ಮೇಲೆಯೇ ಗುಲಗಂಜಿ ಹುಳು ಮರಳಿ ನೆಲೆಯೂರಿತು.

ನಮ್ಮಲ್ಲಿಯೂ ಈ ದಾರಿ ಅಪರಿಚಿತವಲ್ಲ. ಬೆಂಗಳೂರಿನ ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಟೊಮ್ಯಾಟೊವಿನ ಹದಿನಾರು ಸಾಲಿಗೆ ಒಂದು ಸಾಲು ಚೆಂಡುಹೂ ಹಾಕುವ ಕ್ರಮವನ್ನು ರೂಪಿಸಿದೆ. ಕಾಯಿಕೊರಕದ ಪತಂಗ ಹೂವಿಗೆ ಮನಸೋತು ಅಲ್ಲಿ ಮೊಟ್ಟೆಯಿಡುತ್ತದೆ. ಬೇವಿನ ಸಾಬೂನು, ಹೊಂಗೆಯ ಸಾಬೂನುಗಳನ್ನೂ ಅಲ್ಲಿಯವರು ತರಕಾರಿ ಬೆಳೆಗೆಂದು ಸಿದ್ಧಪಡಿಸಿದ್ದಾರೆ. ಆದರೂ ತೋಟಕ್ಕೆ ವಿಷವೇ ಮೊದಲು ಬರುತ್ತದೆ, ಅರಿವು ಆಮೇಲೆ.

ಓದಿದ ಮಕ್ಕಳು ಊರಿಗೆ ಮಾಡಬಹುದಾದ ಉಪಕಾರ ಇಲ್ಲಿದೆ. ಎಲೆ ಮಗುಚಿ, ತಿನ್ನುವ ಹುಳು ಯಾವುದು, ಕಾಯುವ ಹುಳು ಯಾವುದು ಎಂದು ಹಿರಿಯರಿಗೆ ತೋರಿಸುವುದಕ್ಕೆ ಹಣ ಬೇಡ, ತಾಳ್ಮೆ ಸಾಕು.