ಚಂದ್ರಮಂಡಲದಲ್ಲಿ ಟೈಕೋ ಬ್ರಾಹೆ

ಹುಣ್ಣಿಮೆಯ ರಾತ್ರಿ ಚಂದ್ರಬಿಂಬದ ದಕ್ಷಿಣ ಭಾಗವನ್ನು ದುರ್ಬೀನಿನಿಂದ ನೋಡಿದವರಿಗೆ ಉಜ್ವಲವಾದ ಒಂದು ಕುಳಿಯೂ, ಅದರಿಂದ ದಿಕ್ಕುದಿಕ್ಕಿಗೆ ಹರಡಿದ ಬಿಳಿಯ ರೇಖೆಗಳೂ ಗೋಚರವಾಗುವುವು. ಸುಮಾರು ೧೧ ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂದೆರಗಿದ ಬಂಡೆಯೊಂದರ ಆಘಾತದಿಂದ ಇದು ಉಂಟಾಯಿತೆಂದು ಪಂಡಿತರು ಎಣಿಸಿರುತ್ತಾರೆ. ಇದರ ಅಗಲ ೮೫ ಕಿಲೋಮೀಟರು. ಆಳ ೪ ಕಿಲೋಮೀಟರಿಗೂ ಅಧಿಕ. ಒಳಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಕುಸಿದಿವೆ; ತಳವು ಕರಗಿ ಹೆಪ್ಪುಗಟ್ಟಿದ ಶಿಲೆ; ನಡುವೆ ಸುಮಾರು ೨ ಕಿಲೋಮೀಟರು ಎತ್ತರದ ಶಿಖರ. ರೇಖೆಗಳೋ ೧,೫೦೦ ಕಿಲೋಮೀಟರಿಗೂ ದೂರ ಹಬ್ಬಿವೆ. ಇಟಲಿಯ ಪಾದ್ರಿ ರಿಚಿಯೋಲಿಯು ೧೬೫೧ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಇದಕ್ಕೆ ಟೈಕೋ ಎಂದು ಹೆಸರಿಟ್ಟನು. ಆ ಮಾನಕ್ಕೆ ಪಾತ್ರನಾದವನ ಚರಿತ್ರೆಯನ್ನು ವಾಚಕರು ಅರಿಯುವುದು ಉಚಿತ.

ಟೈಕೋ ಬ್ರಾಹೆಯು ೧೫೪೬ರ ಡಿಸೆಂಬರ್ ೧೪ರಂದು, ಆಗ ಡೆನ್ಮಾರ್ಕಿಗೆ ಸೇರಿದ್ದ ಸ್ಕೋನೆ ಪ್ರಾಂತದಲ್ಲಿ, ಸರದಾರರ ಮನೆತನದಲ್ಲಿ ಜನಿಸಿದನು. ನ್ಯಾಯಶಾಸ್ತ್ರವನ್ನು ಕಲಿಯಲೆಂದು ಬಂಧುಗಳು ಲೈಪ್ಜಿಗ್ ನಗರಕ್ಕೆ ಕಳುಹಿಸಿದರೂ ಅವನ ಮನಸ್ಸು ನಕ್ಷತ್ರಗಳಲ್ಲಿಯೇ ನೆಟ್ಟಿತ್ತು. ೧೫೬೩ರಲ್ಲಿ ಗುರು-ಶನಿಗಳ ಯುತಿಯನ್ನು ಕಣ್ಣಾರೆ ನೋಡಿ, ಹಳೆಯ ಗಣಿತದ ಕೋಷ್ಟಕಗಳು ಅದರ ದಿನವನ್ನು ಒಂದು ತಿಂಗಳಷ್ಟು ತಪ್ಪಾಗಿ ಹೇಳಿದ್ದುದನ್ನು ಕಂಡನು. ಗ್ರಂಥವನ್ನು ನಂಬಿದರೆ ಸಾಲದು, ಆಕಾಶವನ್ನೇ ಅಳೆಯಬೇಕೆಂಬುದು ಅವನ ವ್ರತವಾಯಿತು.

೧೫೭೨ರ ನವೆಂಬರಿನಲ್ಲಿ ಹೊಸ ನಕ್ಷತ್ರವೊಂದು ಬೆಳಗಿತು. ಅದು ಚಂದ್ರನಿಗಿಂತ ಬಹುದೂರದ್ದೆಂದು ಟೈಕೋ ಅಳೆದು ತೋರಿಸಿದುದರಿಂದ, ನಕ್ಷತ್ರಲೋಕದಲ್ಲಿ ವಿಕಾರವೇ ಇಲ್ಲವೆಂಬ ಪ್ರಾಚೀನ ಮತವು ಸಡಿಲವಾಯಿತು. ೧೫೭೬ರಲ್ಲಿ ದೊರೆ ಫ್ರೆಡರಿಕನು ಅವನಿಗೆ ಹ್ವೆನ್ ದ್ವೀಪವನ್ನು ಕೊಟ್ಟನು. ಅಲ್ಲಿ ಯುರಾನಿಬೋರ್ಗ್ ಎಂಬ ವೇಧಶಾಲೆಯನ್ನು ಕಟ್ಟಿ, ದುರ್ಬೀನು ಇನ್ನೂ ಇಲ್ಲದಿದ್ದ ಆ ಕಾಲದಲ್ಲಿ, ಬರಿಯ ಕಣ್ಣು ಮತ್ತು ದೊಡ್ಡ ಯಂತ್ರಗಳ ಸಹಾಯದಿಂದ ಇಪ್ಪತ್ತು ವರ್ಷ ಗ್ರಹಗತಿಗಳನ್ನು ಬರೆದಿಟ್ಟನು. ಅವನ ಉತ್ತಮವಾದ ಅಳತೆಗಳಲ್ಲಿ ದೋಷವು ಒಂದೆರಡು ಕಲೆಗಳನ್ನು ಮೀರದು.

ಗುಣದೊಡನೆ ದೋಷವನ್ನೂ ಹೇಳಬೇಕು. ಅವನು ಮುಂಗೋಪಿ, ಯೌವನದ ದ್ವಂದ್ವಯುದ್ಧದಲ್ಲಿ ಮೂಗಿನ ಭಾಗವನ್ನೇ ಕಳೆದುಕೊಂಡನು. ಹ್ವೆನ್ ದ್ವೀಪದ ರೈತರು ಬಿಟ್ಟಿದುಡಿಮೆಯಿಂದ ನೊಂದು ದೂರಿತ್ತರು. ಆ ಕೀರ್ತಿಯಲ್ಲಿ ಅವರ ಬೆವರೂ ಬೆರೆತಿದೆಯೆಂಬುದನ್ನು ಮರೆಯಲಾಗದು. ೧೫೮೮ರಲ್ಲಿ ದೊರೆಯು ತೀರಿಕೊಂಡ ಮೇಲೆ ರಾಜಾಶ್ರಯವು ಕ್ರಮೇಣ ತಪ್ಪಿ, ೧೫೯೭ರಲ್ಲಿ ಟೈಕೋ ದ್ವೀಪವನ್ನು ಬಿಟ್ಟನು. ಪ್ರಾಗ್ ನಗರದಲ್ಲಿ ಚಕ್ರವರ್ತಿ ರುಡಾಲ್ಫನ ಆಶ್ರಯ ದೊರೆಯಿತು. ೧೬೦೦ರಲ್ಲಿ ಕೆಪ್ಲರನು ಅಲ್ಲಿ ಬಂದು ಸೇರಿದನು. ೧೬೦೧ರ ಅಕ್ಟೋಬರ್ ೨೪ರಂದು ಟೈಕೋ ಮೃತನಾದನು.

ಭೂಮಿಯು ಅಚಲವೆಂದೇ ಅವನು ಕಡೆಯವರೆಗೆ ನಂಬಿದ್ದನು. ಆದರೆ ಕುಜನ ಗತಿಯನ್ನು ಕೆಪ್ಲರನು ವೃತ್ತಾಕಾರವೆಂದು ಗಣಿಸಿದಾಗ ಟೈಕೋವಿನ ಅಳತೆಗೂ ಗಣಿತಕ್ಕೂ ೮ ಕಲೆಗಳ ಅಂತರ ಬಂದಿತು. ಆ ಅಳತೆ ಸುಳ್ಳಾಗಲಾರದೆಂಬ ವಿಶ್ವಾಸದಿಂದಲೇ ಕೆಪ್ಲರನು ವೃತ್ತವನ್ನು ಕೈಬಿಟ್ಟು, ಸೂರ್ಯನ ಸುತ್ತ ಗ್ರಹಗಳ ಮಾರ್ಗವು ದೀರ್ಘವೃತ್ತವೆಂಬ ಸತ್ಯವನ್ನು ೧೬೦೯ರಲ್ಲಿ ಪ್ರಕಟಿಸಿದನು. ಹೀಗೆ ಟೈಕೋವಿನ ಮತವನ್ನು ಅವನ ಲೆಕ್ಕವೇ ಅಳಿಸಿತು. ಅವನ ವೇಧಶಾಲೆಯೂ ನೆಲಸಮವಾಯಿತು. ಉಳಿದುದು ಪ್ರಾಮಾಣಿಕವಾದ ಲೆಕ್ಕವೊಂದೇ. ತನಗೆ ಪ್ರತಿಕೂಲವಾದರೂ ಕಂಡುದನ್ನು ಕಂಡಂತೆ ಬರೆದಿಡುವವನಿಗೆ ಲೋಕವು ಋಣಿಯಾಗಿರುವುದೆಂಬುದಕ್ಕೆ ಆ ಕುಳಿಯ ಹೆಸರೇ ಸಾಕ್ಷಿ.