ಮ್ಯಾಥ್ಯೂ ಬೌಲ್ಟನ್

ಮ್ಯಾಥ್ಯೂ ಬೌಲ್ಟನ್ (3 ಸೆಪ್ಟೆಂಬರ್ 1728 – 17 ಆಗಸ್ಟ್ 1809) ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಉದ್ಯಮಿ, ಬೆಳ್ಳಿ ಸಾಮಾನು ಮತ್ತು ನಾಣ್ಯಗಳ ತಯಾರಕ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್‌ನ ಪಾಲುದಾರನೆಂದು ಈತ ಹೆಚ್ಚು ಪ್ರಸಿದ್ಧ. 1773ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಲೋಹಪರೀಕ್ಷಾ ಕಚೇರಿ ಸ್ಥಾಪನೆಯಾಗಲು ಈತನ ಪ್ರಯತ್ನವೇ ಮುಖ್ಯ ಕಾರಣ. ಹಳೆಯ ಬ್ರಿಟಿಷ್ ಬೆಳ್ಳಿಯ ಮೇಲೆ ಕಂಡುಬರುವ ಲಂಗರಿನ ಮುದ್ರೆ ಈ ಕಚೇರಿಯದು. 1799ರ ಶ್ರೀರಂಗಪಟ್ಟಣ ಮುತ್ತಿಗೆಯ ಸ್ಮಾರಕ ಪದಕವೂ ಮದರಾಸು ಪ್ರಾಂತದ ತಾಮ್ರದ ನಾಣ್ಯಗಳೂ ಈತನ ಸೋಹೋ ಟಂಕಸಾಲೆಯಲ್ಲಿ ತಯಾರಾದವು. ಹೀಗಾಗಿ ಕರ್ನಾಟಕದ ಇತಿಹಾಸದೊಂದಿಗೂ ಈತನ ಹೆಸರು ಸೇರಿಕೊಂಡಿದೆ.

ಬಾಲ್ಯ ಮತ್ತು ಕುಟುಂಬ

ಬೌಲ್ಟನ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ತಂದೆಯ ಹೆಸರೂ ಮ್ಯಾಥ್ಯೂ ಬೌಲ್ಟನ್. ಗುಂಡಿ, ಬಕಲ್ ಮೊದಲಾದ ಸಣ್ಣ ಲೋಹದ ಸಾಮಾನುಗಳನ್ನು ತಯಾರಿಸುವುದು ಅವನ ಕಸುಬು. ಆ ಕಾಲದ ಬರ್ಮಿಂಗ್‌ಹ್ಯಾಮ್‌ನಲ್ಲಿ ನೂರಾರು ಕುಟುಂಬಗಳು ಈ ಕಸುಬನ್ನೇ ನಂಬಿ ಬದುಕುತ್ತಿದ್ದವು. ಹದಿನೈದರ ವಯಸ್ಸಿಗೆ ಶಾಲೆ ಬಿಟ್ಟ ಬೌಲ್ಟನ್ ತಂದೆಯ ಕಮ್ಮಟದಲ್ಲಿ ಕೆಲಸ ಕಲಿತನು. ಬಕಲ್‌ಗಳ ಮೇಲೆ ಮೀನಾಕಾರಿ ಕೂರಿಸುವ ಹೊಸ ವಿಧಾನವೊಂದನ್ನು ಹರೆಯದಲ್ಲಿಯೇ ರೂಪಿಸಿದನು. ಇಪ್ಪತ್ತೊಂದು ತುಂಬಿದಾಗ ತಂದೆ ಅವನನ್ನು ವ್ಯಾಪಾರದ ಪಾಲುದಾರನನ್ನಾಗಿ ಮಾಡಿಕೊಂಡನು.

1749ರಲ್ಲಿ ಬೌಲ್ಟನ್ ದೂರದ ಸಂಬಂಧಿಯಾದ ಮೇರಿ ರಾಬಿನ್ಸನ್ ಎಂಬಾಕೆಯನ್ನು ಮದುವೆಯಾದನು. ಅವರಿಗೆ ಹುಟ್ಟಿದ ಮೂವರು ಹೆಣ್ಣುಮಕ್ಕಳೂ ಶೈಶವದಲ್ಲಿಯೇ ತೀರಿಕೊಂಡರು. 1759ರಲ್ಲಿ ತಂದೆಯೂ ಹೆಂಡತಿಯೂ ಸತ್ತರು. ಮರುವರ್ಷ ಅವನು ಮೇರಿಯ ತಂಗಿ ಆ್ಯನ್‌ಳನ್ನು ವರಿಸಿದನು. ಸತ್ತ ಹೆಂಡತಿಯ ಸೋದರಿಯನ್ನು ಮದುವೆಯಾಗುವುದನ್ನು ಚರ್ಚಿನ ಕಟ್ಟಳೆ ಒಪ್ಪುತ್ತಿರಲಿಲ್ಲ. ಆದ್ದರಿಂದ ಊರಿನಿಂದ ದೂರ, ಲಂಡನ್ ಬಳಿಯ ರಾದರ್‌ಹೈದ್‌ನಲ್ಲಿ ವಿವಾಹ ನಡೆಯಿತು. ಈ ದಂಪತಿಗಳಿಗೆ ಒಬ್ಬ ಮಗಳು, ಒಬ್ಬ ಮಗ. 1783ರಲ್ಲಿ ಆ್ಯನ್ ನೀರಿನಲ್ಲಿ ಮುಳುಗಿ ಸತ್ತಳು.

ಸೋಹೋ ಕಾರ್ಖಾನೆ

ತಂದೆಯಿಂದ ಬಂದ ವ್ಯಾಪಾರ ಮತ್ತು ಹೆಂಡತಿಯ ಕಡೆಯಿಂದ ಬಂದ ಆಸ್ತಿಯ ಬಲದಿಂದ ಬೌಲ್ಟನ್ 1761ರಲ್ಲಿ ಬರ್ಮಿಂಗ್‌ಹ್ಯಾಮ್ ಹೊರವಲಯದ ಹ್ಯಾಂಡ್ಸ್‌ವರ್ತ್‌ನಲ್ಲಿ ಸೋಹೋ ಎಂಬ ಜಾಗವನ್ನು ಗೇಣಿಗೆ ಪಡೆದನು. 1762ರಲ್ಲಿ ಜಾನ್ ಫಾದರ್‌ಗಿಲ್ ಪಾಲುದಾರನಾದನು. ಚದುರಿಹೋಗಿದ್ದ ಸಣ್ಣ ಕಮ್ಮಟಗಳ ಕೆಲಸಗಳನ್ನೆಲ್ಲ ಒಂದೇ ಸೂರಿನಡಿ ತರುವುದು ಸೋಹೋ ಕಾರ್ಖಾನೆಯ ವೈಶಿಷ್ಟ್ಯವಾಗಿತ್ತು. ತಗಡು ಉರುಳಿಸುವುದು, ಅಚ್ಚಿನಲ್ಲಿ ಒತ್ತುವುದು, ಬೆಸೆಯುವುದು, ಹೊಳಪು ಕೊಡುವುದು ಹೀಗೆ ಒಂದೊಂದು ಕೆಲಸಕ್ಕೂ ಪ್ರತ್ಯೇಕ ಕೆಲಸಗಾರರಿದ್ದರು. ಕಾಯಿಲೆ ಬಿದ್ದ ಕೆಲಸಗಾರರಿಗೆ ನೆರವಾಗುವ ವಿಮಾನಿಧಿಯೂ ಇತ್ತು. ಪ್ರತಿಯೊಬ್ಬನೂ ತನ್ನ ಕೂಲಿಯ ಸಣ್ಣ ಅಂಶವನ್ನು ಅದಕ್ಕೆ ಕಟ್ಟಬೇಕಾಗಿತ್ತು.

ಕಾರ್ಖಾನೆಯ ಮುಖ್ಯ ಉತ್ಪನ್ನಗಳಲ್ಲಿ ಷೆಫೀಲ್ಡ್ ಪ್ಲೇಟ್ ಒಂದು. ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯ ತಗಡನ್ನಿಟ್ಟು, ಕಾಯಿಸಿ ಒಂದಾಗಿಸಿ, ತೆಳ್ಳಗೆ ಉರುಳಿಸಿ ಪಾತ್ರೆ ಮಾಡುವ ಈ ವಿಧಾನವನ್ನು 1740ರ ದಶಕದಲ್ಲಿ ಷೆಫೀಲ್ಡ್ ನಗರದ ಥಾಮಸ್ ಬೋಲ್ಸೋವರ್ ಕಂಡುಹಿಡಿದಿದ್ದನು. ನೋಟಕ್ಕೆ ಬೆಳ್ಳಿಯಂತೆಯೇ ಇದ್ದು ಬೆಲೆಯಲ್ಲಿ ಬಹಳ ಅಗ್ಗವಾಗಿದ್ದುದರಿಂದ ಮಧ್ಯಮ ವರ್ಗದವರ ಮೇಜಿಗೂ ಈ ಸಾಮಾನು ಬಂದಿತು. ಷೆಫೀಲ್ಡ್ ನಗರದ ಹೊರಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವರಲ್ಲಿ ಬೌಲ್ಟನ್ ಮೊದಲಿಗ. 1760ರ ದಶಕದ ಮಧ್ಯಭಾಗದಿಂದ ಅವನು ಅಪ್ಪಟ ಬೆಳ್ಳಿಯ ಸಾಮಾನುಗಳಿಗೂ ಕೈಹಾಕಿದನು. ಆಗ ಎದುರಾದ ತೊಡಕೇ ಅವನನ್ನು ಬ್ರಿಟಿಷ್ ಸಂಸತ್ತಿನವರೆಗೆ ಕೊಂಡೊಯ್ದಿತು.

ಲೋಹಪರೀಕ್ಷಾ ಕಚೇರಿಗಾಗಿ ಹೋರಾಟ

ಶುದ್ಧ ಬೆಳ್ಳಿ ಬಹಳ ಮೃದು. ಪಾತ್ರೆಗೆ ಗಟ್ಟಿತನ ಬರಲು ತಾಮ್ರ ಬೆರೆಸಲೇಬೇಕು. ಎಷ್ಟು ಬೆರೆಸಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಇಂಗ್ಲೆಂಡಿನಲ್ಲಿ 1300ರಿಂದಲೇ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಪದ್ಧತಿಯಿತ್ತು. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿಯಿರಬೇಕೆಂಬುದು ಸ್ಟರ್ಲಿಂಗ್ ಮಟ್ಟ. ಪಾತ್ರೆಯಿಂದ ಕೆರೆದು ತೆಗೆದ ಚೂರನ್ನು ತೂಗಿ, ಸೀಸದಲ್ಲಿ ಸುತ್ತಿ, ಮೂಳೆಯ ಬೂದಿಯಿಂದ ಮಾಡಿದ ಮೂಸೆಯಲ್ಲಿ ಪುಟವಿಡುತ್ತಿದ್ದರು. ಸೀಸ, ತಾಮ್ರಗಳನ್ನು ಬೂದಿ ಹೀರಿಕೊಂಡ ಮೇಲೆ ಉಳಿದ ಬೆಳ್ಳಿಯ ಗುಂಡನ್ನು ಮತ್ತೆ ತೂಗಿದರೆ ಬೆರಕೆಯ ಲೆಕ್ಕ ಸಿಗುತ್ತಿತ್ತು. ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನದಲ್ಲಿ ಈ ಮುದ್ರೆ ಬೀಳುತ್ತಿದ್ದುದರಿಂದ ಅದಕ್ಕೆ ಹಾಲ್‌ಮಾರ್ಕ್ ಎಂಬ ಹೆಸರು ಬಂದಿತು.

ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂತಹ ಕಚೇರಿ ಇರಲಿಲ್ಲ. ಹತ್ತಿರವೆಂದರೆ 70 ಮೈಲಿಗಿಂತ ದೂರದ ಚೆಸ್ಟರ್. ಸೋಹೋದ ಬೆಳ್ಳಿ ಸಾಮಾನುಗಳೆಲ್ಲ ಗಾಡಿಯಲ್ಲಿ ಅಲ್ಲಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಹಿಂದಿರುಗಬೇಕಾಗಿತ್ತು. ಸಾಗಣೆಯ ಖರ್ಚು, ದಿನಗಳ ವಿಳಂಬ, ದಾರಿಯಲ್ಲಿ ನಗ್ಗುವ ಭಯ, ಹೊಸ ವಿನ್ಯಾಸಗಳು ಪ್ರತಿಸ್ಪರ್ಧಿಗಳ ಕಣ್ಣಿಗೆ ಬೀಳುವ ಆತಂಕ ಎಲ್ಲವೂ ಇದ್ದವು. 1771ರಲ್ಲಿ ಶೆಲ್ಬರ್ನ್ ಪ್ರಭುವಿಗಾಗಿ ಮಾಡಿದ ಮೇಣದಬತ್ತಿಯ ಕಂಬಗಳ ಜೋಡಿಯೊಂದು ಚೆಸ್ಟರ್‌ನಿಂದ ಸರಿಯಾಗಿ ಕಟ್ಟದೆ ಕಳುಹಿಸಿದ್ದರಿಂದ ಹಾಳಾಗಿ ಬಂದಿತು. ತನ್ನ ಊರಿಗೇ ಪರೀಕ್ಷಾ ಕಚೇರಿ ಬೇಕೆಂದು ಬೌಲ್ಟನ್ ಹಟ ಹಿಡಿದನು.

1773ರ ಆರಂಭದಲ್ಲಿ ಬರ್ಮಿಂಗ್‌ಹ್ಯಾಮ್‌ನ ತಯಾರಕರ ಪರವಾಗಿ ಸಂಸತ್ತಿಗೆ ಮನವಿ ಸಲ್ಲಿಕೆಯಾಯಿತು. ಅದೇ ಬೇಡಿಕೆಯಿಟ್ಟ ಷೆಫೀಲ್ಡ್ ಜೊತೆಗೂಡಿತು. ಲಂಡನ್ನಿನ ಅಕ್ಕಸಾಲಿಗರ ಸಂಘ ತೀವ್ರವಾಗಿ ವಿರೋಧಿಸಿತು. ಬೆಳ್ಳಿಯ ಲೇಪದ ಸಾಮಾನು ಮಾಡುವ ಊರುಗಳ ಕೈಗೇ ಮುದ್ರೆಯನ್ನು ಕೊಟ್ಟರೆ ಮೋಸಕ್ಕೆ ದಾರಿಯಾಗುತ್ತದೆ ಎಂಬುದು ಅದರ ಮುಖ್ಯ ವಾದ. ಈ ಆಕ್ಷೇಪವನ್ನು ತಳ್ಳಿಹಾಕುವಂತಿರಲಿಲ್ಲ. ಬೌಲ್ಟನ್ ಕೂಡ ಅಂತಹ ಸಾಮಾನಿನ ದೊಡ್ಡ ತಯಾರಕನೇ ಆಗಿದ್ದನು. ಸಂಸತ್ತಿನ ಸಮಿತಿ ಅಂದಿನ ಪರೀಕ್ಷಾ ಕಚೇರಿಗಳ ಕಾರ್ಯವಿಧಾನವನ್ನು ವಿಚಾರಿಸಿದಾಗ ಲಂಡನ್ನಿನ ಮುದ್ರೆಯಿದ್ದ ಸಾಮಾನುಗಳಲ್ಲಿಯೂ ಮಟ್ಟಕ್ಕಿಂತ ಕೆಳಗಿನ ಬೆಳ್ಳಿ ಸಿಕ್ಕಿತು. ವಿರೋಧದ ಬಲ ಕುಗ್ಗಿತು. ಬೌಲ್ಟನ್ ಲಂಡನ್ನಿನಲ್ಲಿ ಬೀಡುಬಿಟ್ಟು ಪ್ರಭುಗಳನ್ನೂ ಸದಸ್ಯರನ್ನೂ ಕಂಡು ಬೆಂಬಲ ಕೂಡಿಸಿದನು. 1773ರ ಮೇ ತಿಂಗಳಲ್ಲಿ ಮಸೂದೆಗೆ ರಾಜನ ಅಂಕಿತ ಬಿದ್ದಿತು.

ಕಚೇರಿಯನ್ನು ತಯಾರಕರ ಕೈಗೆ ಕೊಡದೆ ಪಾಲಕರ ಮಂಡಳಿಯೊಂದಕ್ಕೆ ಒಪ್ಪಿಸಲಾಯಿತು. ಪರೀಕ್ಷೆಗೆಂದು ಕೆರೆದ ಬೆಳ್ಳಿಯ ಒಂದು ಭಾಗವನ್ನು ತೆಗೆದಿಟ್ಟು, ಕಚೇರಿಯ ಕೆಲಸವನ್ನೇ ಮರುಪರೀಕ್ಷೆಗೆ ಒಳಪಡಿಸುವ ವ್ಯವಸ್ಥೆಯೂ ಇತ್ತು. 1773ರ ಆಗಸ್ಟ್ 31ರಂದು ನ್ಯೂ ಸ್ಟ್ರೀಟ್‌ನ ಕಿಂಗ್ಸ್ ಹೆಡ್ ಎಂಬ ವಸತಿಗೃಹದ ಮೂರು ಕೋಣೆಗಳಲ್ಲಿ ಕಚೇರಿ ತೆರೆಯಿತು. ಮೊದಲ ಗಿರಾಕಿ ಬೌಲ್ಟನ್ ಮತ್ತು ಫಾದರ್‌ಗಿಲ್ ಸಂಸ್ಥೆ.

ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮ್‌ಗೆ ಲಂಗರು ಗುರುತಾದ ಬಗೆಗೆ ಒಂದು ಐತಿಹ್ಯವಿದೆ. ಎರಡೂ ಊರುಗಳ ಪ್ರತಿನಿಧಿಗಳು ಲಂಡನ್ನಿನಲ್ಲಿ ಸೇರುತ್ತಿದ್ದ ಕ್ರೌನ್ ಅಂಡ್ ಆ್ಯಂಕರ್ ಎಂಬ ಪಾನಗೃಹದ ಹೆಸರಿನಿಂದ ಕಿರೀಟವನ್ನು ಷೆಫೀಲ್ಡ್, ಲಂಗರನ್ನು ಬರ್ಮಿಂಗ್‌ಹ್ಯಾಮ್ ಪಡೆದವೆಂದೂ, ನಾಣ್ಯ ಚಿಮ್ಮಿ ಅದನ್ನು ನಿರ್ಧರಿಸಿದರೆಂದೂ ಹೇಳುತ್ತಾರೆ.

ಬೌಲ್ಟನ್ ಬೆಳ್ಳಿಯ ಗುರುತುಗಳು

ಸೋಹೋದ ಬೆಳ್ಳಿ ಸಾಮಾನಿನ ತಳದಲ್ಲಿ ಅಥವಾ ಅಂಚಿನಲ್ಲಿ ಸಾಮಾನ್ಯವಾಗಿ ಈ ಮುದ್ರೆಗಳಿರುತ್ತವೆ.

ನಡೆಯುವ ಸಿಂಹ: ಬೆಳ್ಳಿ ಸ್ಟರ್ಲಿಂಗ್ ಮಟ್ಟದ್ದೆಂಬ ಗುರುತು. 1544ರಿಂದ ಬಳಕೆಯಲ್ಲಿದೆ.

ಊರಿನ ಗುರುತು: ಬರ್ಮಿಂಗ್‌ಹ್ಯಾಮ್‌ಗೆ ಲಂಗರು. ಲಂಡನ್ನಿಗೆ ಚಿರತೆಯ ತಲೆ. ಷೆಫೀಲ್ಡ್‌ಗೆ 1974ರವರೆಗೆ ಕಿರೀಟ, ಆಮೇಲೆ ಗುಲಾಬಿ. 1773ಕ್ಕಿಂತ ಹಿಂದೆ ಚೆಸ್ಟರ್‌ನಲ್ಲಿ ಪರೀಕ್ಷೆಯಾದ ಬೌಲ್ಟನ್ ಸಾಮಾನುಗಳಲ್ಲಿ ಲಂಗರು ಇರುವುದಿಲ್ಲ.

ವರ್ಷದ ಅಕ್ಷರ: ಬರ್ಮಿಂಗ್‌ಹ್ಯಾಮ್‌ನಲ್ಲಿ 1773ಕ್ಕೆ ದೊಡ್ಡ ಎ, 1774ಕ್ಕೆ ಬಿ ಎಂಬ ಕ್ರಮ. ಮೊದಲ ಸುತ್ತು ಮುಗಿದು 1798ರಲ್ಲಿ ಚಿಕ್ಕ ಎ ಆರಂಭವಾಯಿತು. ಅಕ್ಷರ ವರ್ಷದ ನಡುವೆ ಬದಲಾಗುತ್ತಿದ್ದುದರಿಂದ ಪ್ರತಿ ಅಕ್ಷರವೂ ಎರಡು ಕ್ಯಾಲೆಂಡರ್ ವರ್ಷಗಳಿಗೆ ಚಾಚಿಕೊಂಡಿರುತ್ತದೆ. ಒಂದೇ ಅಕ್ಷರ ಬೇರೆ ಊರಿನಲ್ಲಿ ಬೇರೆ ವರ್ಷವನ್ನು ಸೂಚಿಸುತ್ತದೆ. ಆದ್ದರಿಂದ ಮೊದಲು ಊರಿನ ಗುರುತನ್ನು ಓದಿ, ಅನಂತರ ಅಕ್ಷರದ ಆಕಾರವನ್ನೂ ಅದರ ಸುತ್ತಲಿನ ಚೌಕಟ್ಟನ್ನೂ ಹೋಲಿಸಿ ನೋಡಬೇಕು.

ರಾಜನ ತಲೆ: 1784ರಿಂದ 1890ರವರೆಗೆ ಬೆಳ್ಳಿಯ ಮೇಲಿನ ಸುಂಕ ಸಂದಾಯವಾದುದಕ್ಕೆ ಗುರುತು. 1784ಕ್ಕಿಂತ ಹಳೆಯ ಸಾಮಾನಿನಲ್ಲಿ ಇದು ಇರುವುದಿಲ್ಲ.

ತಯಾರಕನ ಗುರುತು: ಎಂ ಬಿ ಮತ್ತು ಐ ಎಫ್ ಎಂಬ ಅಕ್ಷರಗಳು. ಜಾನ್ ಎಂಬ ಹೆಸರಿಗೆ ಲ್ಯಾಟಿನ್ ರೂಢಿಯಂತೆ ಐ ಅಕ್ಷರ ಬಳಕೆಯಾಗಿದೆ. 1782ರಲ್ಲಿ ಫಾದರ್‌ಗಿಲ್ ಸತ್ತನು. ಆನಂತರದ ಸಾಮಾನುಗಳಲ್ಲಿ ಎಂ ಬಿ ಮಾತ್ರ ಕಾಣುತ್ತದೆ. ಈ ಗುರುತು ಪಾತ್ರೆಯನ್ನು ಕೈಯಾರೆ ಮಾಡಿದವನದಲ್ಲ, ಅದರ ಹೊಣೆ ಹೊತ್ತವನದು. ಸೋಹೋದ ನೂರಾರು ಕುಶಲಕರ್ಮಿಗಳ ಹೆಸರು ಯಾವ ಪಾತ್ರೆಯ ಮೇಲೂ ಇಲ್ಲ.

ಸಿಂಹ, ಲಂಗರು, ದೊಡ್ಡ ಬಿ ಅಕ್ಷರ, ಎಂ ಬಿ ಮತ್ತು ಐ ಎಫ್ ಇದ್ದು ರಾಜನ ತಲೆಯಿಲ್ಲದ ಪಾತ್ರೆಯನ್ನು 1774–75ರ ಸೋಹೋ ಬೆಳ್ಳಿಯೆಂದು ಓದಬಹುದು.

ಷೆಫೀಲ್ಡ್ ಪ್ಲೇಟ್ ಸಾಮಾನುಗಳಿಗೆ ಹಾಲ್‌ಮಾರ್ಕ್ ಇಲ್ಲ. ಅವುಗಳಿಗೆಂದು ಬೌಲ್ಟನ್ 1784ರಲ್ಲಿ ಸೂರ್ಯನ ಗುರುತನ್ನು ನೋಂದಾಯಿಸಿದನು. ಎರಡು ಸೂರ್ಯರ ಈ ಮುದ್ರೆ ಇದ್ದರೆ ಅದು ಅಪ್ಪಟ ಬೆಳ್ಳಿಯಲ್ಲ. ಉಜ್ಜಿ ಸವೆದ ಕಡೆ ಒಳಗಿನ ತಾಮ್ರದ ಕೆಂಪು ಇಣುಕುವುದೂ ಇನ್ನೊಂದು ಸೂಚನೆ. ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನ ಬಂದದ್ದು 1840ರಲ್ಲಿ, ಬೌಲ್ಟನ್ ಸತ್ತ ಎಷ್ಟೋ ವರ್ಷಗಳ ಮೇಲೆ. ಇ.ಪಿ.ಎನ್.ಎಸ್. ಎಂಬ ಅಕ್ಷರಗಳಿರುವ ಸಾಮಾನು ಎಷ್ಟೇ ಹಳೆಯದಾಗಿ ಕಂಡರೂ ಈತನ ಕಾಲದ್ದಲ್ಲ.

ಕಚೇರಿ ಬಂದರೂ ಬೆಳ್ಳಿಯ ವ್ಯಾಪಾರ ಬೌಲ್ಟನ್‌ಗೆ ಲಾಭ ತರಲಿಲ್ಲ. ದುಬಾರಿ ಲೋಹದಲ್ಲಿ ಬಂಡವಾಳ ಸಿಕ್ಕಿಬೀಳುತ್ತಿತ್ತು. ಆದರೆ ಜೇಮ್ಸ್ ವಯಟ್‌ನಂತಹ ವಾಸ್ತುಶಿಲ್ಪಿಗಳ ವಿನ್ಯಾಸದ ಪಾತ್ರೆಗಳು ಸೋಹೋಗೆ ಕೀರ್ತಿ ತಂದವು.

ಉಗಿಯಂತ್ರ

ಕಾರ್ಖಾನೆಯ ಚಕ್ರಗಳು ತಿರುಗುತ್ತಿದ್ದುದು ನೀರಿನ ಬಲದಿಂದ. ಬೇಸಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಈ ಕೊರತೆಯೇ ಬೌಲ್ಟನ್‌ಗೆ ಉಗಿಯಂತ್ರದಲ್ಲಿ ಆಸಕ್ತಿ ಹುಟ್ಟಿಸಿತು. 1774ರಲ್ಲಿ ಜೇಮ್ಸ್ ವಾಟ್ ಬರ್ಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದನು. 1775ರಲ್ಲಿ ಸಂಸತ್ತು ವಾಟ್‌ನ ಪೇಟೆಂಟ್ ಅವಧಿಯನ್ನು 1800ರವರೆಗೆ ವಿಸ್ತರಿಸಿತು. ಇಬ್ಬರ ಪಾಲುದಾರಿಕೆಯೂ ಅಲ್ಲಿಯವರೆಗೆ ನಡೆಯಿತು. ಯಂತ್ರಗಳು ಮೊದಲು ಕಾರ್ನ್‌ವಾಲ್ ಮೊದಲಾದ ಕಡೆಯ ಗಣಿಗಳಿಂದ ನೀರೆತ್ತಲು, ಅನಂತರ ಗಿರಣಿಗಳನ್ನು ನಡೆಸಲು ಬಳಕೆಯಾದವು. ಇರಾಸ್ಮಸ್ ಡಾರ್ವಿನ್, ಜೋಸಯ್ಯ ವೆಜ್‌ವುಡ್, ಜೋಸೆಫ್ ಪ್ರೀಸ್ಟ್ಲಿ ಮೊದಲಾದವರಿದ್ದ ಲೂನರ್ ಸೊಸೈಟಿಯ ಪ್ರಮುಖರಲ್ಲಿ ಬೌಲ್ಟನ್ ಒಬ್ಬ. 1785ರಲ್ಲಿ ಆತ ರಾಯಲ್ ಸೊಸೈಟಿಯ ಸದಸ್ಯನಾದನು.

ಸೋಹೋ ಟಂಕಸಾಲೆ

ಆ ಕಾಲದ ಇಂಗ್ಲೆಂಡಿನಲ್ಲಿ ಚಲಾವಣೆಯಲ್ಲಿದ್ದ ತಾಮ್ರದ ನಾಣ್ಯಗಳಲ್ಲಿ ಹೆಚ್ಚಿನ ಪಾಲು ಖೋಟಾ. ಖೋಟಾ ನಾಣ್ಯಗಳಿಗೆ ಬರ್ಮಿಂಗ್‌ಹ್ಯಾಮ್ ಕುಪ್ರಸಿದ್ಧವೂ ಆಗಿತ್ತು. ತೂಕ, ಗಾತ್ರ, ಅಂಚು ಎಲ್ಲವೂ ಒಂದೇ ತೆರನಾಗಿರುವ ನಾಣ್ಯವನ್ನು ನಕಲು ಮಾಡುವುದು ಕಷ್ಟವೆಂದು ಅರಿತ ಬೌಲ್ಟನ್ 1788ರಲ್ಲಿ ಉಗಿಬಲದಿಂದ ನಡೆಯುವ ಟಂಕಸಾಲೆಯನ್ನು ಸ್ಥಾಪಿಸಿದನು. 1797ರಲ್ಲಿ ಬ್ರಿಟಿಷ್ ಸರಕಾರಕ್ಕಾಗಿ ಇಲ್ಲಿ ಅಚ್ಚಾದ ಒಂದು ಪೆನ್ನಿಯ ನಾಣ್ಯ ಒಂದು ಔನ್ಸ್, ಎರಡು ಪೆನ್ಸ್ ನಾಣ್ಯ ಎರಡು ಔನ್ಸ್ ತೂಗುತ್ತಿತ್ತು. ದಪ್ಪ ಅಂಚಿನ ಕಾರಣದಿಂದ ಜನ ಇವನ್ನು ಗಾಡಿಚಕ್ರವೆಂದು ಕರೆದರು.

ಈಸ್ಟ್ ಇಂಡಿಯಾ ಕಂಪನಿಯೂ ಬೌಲ್ಟನ್‌ನ ಗಿರಾಕಿಯಾಗಿತ್ತು. ಮದರಾಸು ಪ್ರಾಂತಕ್ಕಾಗಿ 1794 ಮತ್ತು 1797ರ ಇಸವಿಯುಳ್ಳ, ರೂಪಾಯಿಯ 48ನೇ ಹಾಗೂ 96ನೇ ಭಾಗದ ತಾಮ್ರದ ನಾಣ್ಯಗಳು, 1803 ಮತ್ತು 1808ರ ಕಾಸುಗಳು ಸೋಹೋದಲ್ಲಿ ತಯಾರಾದವು. 1799–1800ರ ಬಳಿಕ ಕೆನರಾ, ಬಳ್ಳಾರಿ ಸೀಮೆಗಳು ಈ ಪ್ರಾಂತಕ್ಕೆ ಸೇರಿದ್ದವು. 1808ರ ಹತ್ತು ಮತ್ತು ಇಪ್ಪತ್ತು ಕಾಸುಗಳನ್ನು ಹೊತ್ತು ಭಾರತಕ್ಕೆ ಹೊರಟ ಅಡ್ಮಿರಲ್ ಗಾರ್ಡ್‌ನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದ ಗುಡ್‌ವಿನ್ ಮರಳದಿಬ್ಬಗಳ ಬಳಿ ಮುಳುಗಿತು. 1980ರ ದಶಕದಲ್ಲಿ ಆ ನಾಣ್ಯಗಳು ದೊಡ್ಡ ಸಂಖ್ಯೆಯಲ್ಲಿ ಮೇಲೆ ಬಂದವು.

ಶ್ರೀರಂಗಪಟ್ಟಣದ ಪದಕ

1799ರ ಮೇ 4ರಂದು ಕಂಪನಿಯ ಸೈನ್ಯ ಶ್ರೀರಂಗಪಟ್ಟಣದ ಕೋಟೆಯನ್ನು ಹಿಡಿಯಿತು. ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದನು. ಈ ಗೆಲುವಿನ ನೆನಪಿಗೆ ಕಂಪನಿ ಹಂಚಿದ ಪದಕವನ್ನು ಸೋಹೋ ಟಂಕಸಾಲೆಯ ಕಲಾವಿದ ಕಾನ್ರಾಡ್ ಹೈನ್‌ರಿಕ್ ಕುಕ್ಲರ್ ವಿನ್ಯಾಸಗೊಳಿಸಿದನು. ಒಂದು ಬದಿಯಲ್ಲಿ ಬ್ರಿಟನ್ನಿನ ಸಿಂಹ ಟಿಪ್ಪುವಿನ ಲಾಂಛನವಾದ ಹುಲಿಯನ್ನು ಕೆಡವಿರುವ ಚಿತ್ರ, ಅರಬ್ಬೀ ಬರಹದ ಪತಾಕೆ ಮತ್ತು ರೋಮನ್ ಅಂಕಿಗಳಲ್ಲಿ ದಿನಾಂಕ ಇವೆ. ಇನ್ನೊಂದು ಬದಿಯಲ್ಲಿ ನಡುಹಗಲಿನ ಸೂರ್ಯನ ಕೆಳಗೆ ಕೋಟೆಗೆ ಲಗ್ಗೆಯಿಡುವ ದೃಶ್ಯವೂ ಪಾರಸಿ ಬರಹವೂ ಇವೆ. ಸೋಹೋದ ಪದಕದ ವ್ಯಾಸ ಸುಮಾರು 48 ಮಿ.ಮೀ.; ಕಲ್ಕತ್ತೆಯಲ್ಲಿ ಅಚ್ಚಾದವು ಸ್ವಲ್ಪ ಚಿಕ್ಕವು.

ಪದಕದ ಲೋಹವನ್ನು ಹುದ್ದೆಗೆ ತಕ್ಕಂತೆ ಗೊತ್ತುಮಾಡಲಾಗಿತ್ತು. ಅತ್ಯುನ್ನತ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಕ್ರಮವಾಗಿ ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ ಮತ್ತು ಕಂಚು, ಸಾಮಾನ್ಯ ಸಿಪಾಯಿಗಳಿಗೆ ತವರ. 1808ರಲ್ಲಿ ವಿತರಣೆಯಾಗುವ ಹೊತ್ತಿಗೆ ಯುದ್ಧ ಮುಗಿದು ಒಂಬತ್ತು ವರ್ಷಗಳಾಗಿದ್ದವು. ಪದಕದ ಮೇಲೆ ಕುಕ್ಲರ್‌ನ ಹೆಸರಿನ ಮೊದಲಕ್ಷರಗಳಿವೆ. ಪಡೆದ ಸೈನಿಕನ ಹೆಸರನ್ನು ಕಂಪನಿ ಕೆತ್ತಿಸಿರಲಿಲ್ಲ.

ಕೊನೆಯ ದಿನಗಳು ಮತ್ತು ಸ್ಮರಣೆ

ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದ ಬೌಲ್ಟನ್ ತನ್ನ ನಿವಾಸ ಸೋಹೋ ಹೌಸ್‌ನಲ್ಲಿ 1809ರ ಆಗಸ್ಟ್ 17ರಂದು ನಿಧನನಾದನು. ಹ್ಯಾಂಡ್ಸ್‌ವರ್ತ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಅವನ ಸಮಾಧಿಯಿದೆ. ಸೋಹೋ ಕಾರ್ಖಾನೆ ಇಂದು ಉಳಿದಿಲ್ಲ. ಸೋಹೋ ಹೌಸ್ 1995ರಿಂದ ವಸ್ತುಸಂಗ್ರಹಾಲಯವಾಗಿದೆ. 2011ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊರತಂದ 50 ಪೌಂಡಿನ ನೋಟಿನ ಮೇಲೆ ಬೌಲ್ಟನ್ ಮತ್ತು ವಾಟ್ ಇಬ್ಬರ ಚಿತ್ರಗಳೂ ಇದ್ದವು.

ಬರ್ಮಿಂಗ್‌ಹ್ಯಾಮ್ ಲೋಹಪರೀಕ್ಷಾ ಕಚೇರಿ ಇಂದಿಗೂ ಲಂಗರಿನ ಮುದ್ರೆಯೊಡನೆ ಕೆಲಸ ಮಾಡುತ್ತಿದೆ. ಮಾರುವವನ ಮಾತಿಗೆ ಬದಲಾಗಿ ಮೂರನೆಯವರ ಪರೀಕ್ಷೆಯನ್ನು ನಂಬುವ ತತ್ತ್ವವೇ ಭಾರತದ ಹಾಲ್‌ಮಾರ್ಕ್ ವ್ಯವಸ್ಥೆಗೂ ಆಧಾರ. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನಕ್ಕೂ 2005ರಲ್ಲಿ ಬೆಳ್ಳಿಗೂ ಇದನ್ನು ಜಾರಿಗೆ ತಂದಿತು. ಚಿನ್ನದ ಆಭರಣಗಳಿಗೆ 2021ರಿಂದ ಹಂತಹಂತವಾಗಿ ಇದು ಕಡ್ಡಾಯವಾಗಿದೆ.