ರಬ್ಬರಿಗೆ ಬಾಳಿಕೆ ತಂದವನು

ಬೀದರ ಜಿಲ್ಲೆಯ ಹುಮನಾಬಾದ್ ಪಟ್ಟಣವು ಪುಣೆ ಮತ್ತು ಹೈದರಾಬಾದ್ ನಗರಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸಾಗಿದರೆ, ಹಿಂದೆ ಚಾಲುಕ್ಯರ ರಾಜಧಾನಿಯೂ ಶರಣರ ನೆಲೆಯೂ ಆಗಿದ್ದ ಬಸವಕಲ್ಯಾಣಕ್ಕೆ ದಾರಿ. ಬೇಸಗೆಯಲ್ಲಿ ಈ ಭಾಗದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದುಂಟು. ಕಾದ ಡಾಮರು ರಸ್ತೆಯ ಮೇಲೆ ಮೋಟಾರು ಸೈಕಲ್ಲುಗಳು ಎಡೆಬಿಡದೆ ಓಡುತ್ತವೆ. ಆದರೂ ಅವುಗಳ ಟೈರು ಕರಗುವುದಿಲ್ಲ, ನೆಲಕ್ಕೆ ಅಂಟಿಕೊಳ್ಳುವುದಿಲ್ಲ. ಸಾವಿರಾರು ಕಿಲೋಮೀಟರುಗಳ ದೂರ ಸವೆಯುತ್ತಲೇ ಸೇವೆ ಸಲ್ಲಿಸುತ್ತದೆ. ಎರಡು ನೂರು ವರ್ಷಗಳ ಹಿಂದೆ ಯೂರೋಪು, ಅಮೆರಿಕಗಳ ಯಾವ ಕಾರ್ಖಾನೆಗೂ ಇಂಥ ರಬ್ಬರನ್ನು ತಯಾರಿಸುವ ವಿದ್ಯೆ ತಿಳಿದಿರಲಿಲ್ಲ. ಆ ವಿದ್ಯೆಗಾಗಿ ತನ್ನ ಬಾಳನ್ನೇ ಸವೆಸಿದವನು ಚಾರ್ಲ್ಸ್ ಗುಡ್‌ಇಯರ್.

ಚಾರ್ಲ್ಸನು 1800ನೆಯ ಇಸವಿ ಡಿಸೆಂಬರ್ 29ರಂದು ಅಮೆರಿಕದ ಕನೆಕ್ಟಿಕಟ್ ಪ್ರಾಂತದ ನ್ಯೂಹೇವನ್ ಊರಿನಲ್ಲಿ ಜನಿಸಿದನು. ಅವನ ತಂದೆ ಅಮಾಸ ಗುಡ್‌ಇಯರ್ ಗುಂಡಿಗಳನ್ನೂ ಬೇಸಾಯದ ಉಪಕರಣಗಳನ್ನೂ ತಯಾರಿಸುತ್ತಿದ್ದನು. ಮಗನೂ ಕಬ್ಬಿಣದ ಸಾಮಾನಿನ ವ್ಯಾಪಾರವನ್ನು ಕಲಿತನು. 1824ರಲ್ಲಿ ಕ್ಲಾರಿಸಾ ಎಂಬಾಕೆಯನ್ನು ಮದುವೆಯಾಗಿ, ಎರಡು ವರ್ಷಗಳ ತರುವಾಯ ಫಿಲಡೆಲ್ಫಿಯಾ ನಗರದಲ್ಲಿ ಅಂಗಡಿಯನ್ನು ತೆರೆದನು. ಆದರೆ 1830ರ ವೇಳೆಗೆ ವ್ಯಾಪಾರ ಮುಳುಗಿತು. ಅಂದಿನ ಕಾನೂನಿನಂತೆ ಸಾಲ ತೀರಿಸಲಾರದವನಿಗೆ ಸೆರೆಮನೆಯೇ ಗತಿ. ಅಲ್ಲಿಂದ ಮುಂದೆ ಸಾಲವೂ ಸೆರೆಯೂ ಅವನನ್ನು ಜೀವನದುದ್ದಕ್ಕೂ ಬೆನ್ನಟ್ಟಿದವು.

1834ರಲ್ಲಿ ಅವನು ನ್ಯೂಯಾರ್ಕಿನ ಒಂದು ರಬ್ಬರು ಮಳಿಗೆಗೆ ಹೋದನು. ನೀರಿನಲ್ಲಿ ಮುಳುಗದಂತೆ ಕಾಪಾಡುವ, ಗಾಳಿ ತುಂಬಿದ ರಬ್ಬರು ಸಾಧನವೊಂದು ಅವನ ಕಣ್ಣಿಗೆ ಬಿದ್ದಿತು. ಅದರ ಕವಾಟವನ್ನು ಸುಧಾರಿಸಿ ಮಳಿಗೆಯವರಿಗೆ ತೋರಿಸಿದಾಗ, ಕೆಟ್ಟಿರುವುದು ಕವಾಟವಲ್ಲ, ರಬ್ಬರೇ ಎಂಬ ಸಂಗತಿ ಅವನಿಗೆ ತಿಳಿಯಿತು. ಅಂದಿನ ರಬ್ಬರು ಬೇಸಗೆಯಲ್ಲಿ ಕರಗಿ ಅಂಟಾಗುತ್ತಿತ್ತು. ಚಳಿಗಾಲದಲ್ಲಿ ಗಡುಸಾಗಿ ಬಿರುಕು ಬಿಡುತ್ತಿತ್ತು. ಜನರು ಕೊಂಡ ಪಾದರಕ್ಷೆ, ಮಳೆ ಅಂಗಿಗಳನ್ನು ಹಿಂದಕ್ಕೆ ತಂದುಕೊಡುತ್ತಿದ್ದರು. ರಬ್ಬರು ಉದ್ಯಮವೇ ಅಳಿವಿನ ಅಂಚಿಗೆ ಬಂದಿತ್ತು. ಈ ದೋಷವನ್ನು ನೀಗಬೇಕೆಂದು ಚಾರ್ಲ್ಸನು ಪಣತೊಟ್ಟನು. ಅವನು ರಸಾಯನ ಶಾಸ್ತ್ರವನ್ನು ಓದಿದವನಲ್ಲ. ಸಾಲಕ್ಕಾಗಿ ಮತ್ತೆ ಸೆರೆಮನೆ ಸೇರಿದಾಗ ಅಲ್ಲಿಗೇ ಹಸಿ ರಬ್ಬರನ್ನೂ ಹೆಂಡತಿಯ ಲಟ್ಟಣಿಗೆಯನ್ನೂ ತರಿಸಿಕೊಂಡು ಪ್ರಯೋಗಗಳಿಗೆ ಕೈಹಾಕಿದನು.

ಮೊದಲು ಮೆಗ್ನೀಷಿಯಾ ಪುಡಿಯನ್ನು, ಬಳಿಕ ಸುಣ್ಣವನ್ನು, ಅನಂತರ ನೈಟ್ರಿಕ್ ಆಮ್ಲವನ್ನು ಬಳಸಿದನು. ಒಮ್ಮೆ ಆಮ್ಲದ ಹೊಗೆಯಿಂದ ಪ್ರಾಣಕ್ಕೇ ಸಂಚಕಾರ ಬಂದಿತು. ಆಮ್ಲದ ವಿಧಾನ ಫಲಿಸಿತೆಂದು ನಂಬಿ ಸರ್ಕಾರಕ್ಕಾಗಿ ಅಂಚೆಯ ಚೀಲಗಳನ್ನು ತಯಾರಿಸಿದನು. ಸೆಖೆಯ ದಿನಗಳಲ್ಲಿ ಅವು ಇಟ್ಟಲ್ಲಿಯೇ ಕರಗಿ ಹಾಳಾದವು. ಮನೆಯಲ್ಲಿ ಹಸಿವು ತಾಂಡವವಾಡುತ್ತಿತ್ತು. ಮನೆಯ ಸಾಮಾನುಗಳು ಒಂದೊಂದಾಗಿ ಮಾರಾಟವಾದವು. ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡರು. ನೆರೆಹೊರೆಯವರು ಅವನನ್ನು ಹುಚ್ಚನೆಂದು ಭಾವಿಸಿದರು. ಅವನ ಹಟಕ್ಕೆ ಹೆಂಡತಿ ಮಕ್ಕಳು ತೆತ್ತ ಬೆಲೆ ಸಣ್ಣದಲ್ಲ.

ನಥಾನಿಯಲ್ ಹೇವರ್ಡ್ ಎಂಬುವನು ರಬ್ಬರಿಗೆ ಗಂಧಕವನ್ನು ಸೇರಿಸಿ ಬಿಸಿಲಿನಲ್ಲಿಡುವ ವಿಧಾನವನ್ನು ಕಂಡುಕೊಂಡಿದ್ದನು. ಚಾರ್ಲ್ಸನು ಅದರ ಹಕ್ಕನ್ನು ಪಡೆದನು. 1839ರಲ್ಲಿ, ಮೆಸಾಚುಸೆಟ್ಸ್ ಪ್ರಾಂತದ ವೂಬರ್ನ್ ಊರಿನಲ್ಲಿ, ಗಂಧಕ ಬೆರೆಸಿದ ರಬ್ಬರಿನ ತುಂಡೊಂದು ಕಾದ ಒಲೆಗೆ ತಾಗಿತು. ಕರಗಿ ಹರಿಯಬೇಕಾಗಿದ್ದ ರಬ್ಬರು ತೊಗಲಿನಂತೆ ಕರಿಕಾಯಿತು. ಕರಿಕಾದ ಭಾಗದ ಅಂಚಿನಲ್ಲಿ ಅಂಟಿಲ್ಲದ, ಎಳೆದರೆ ಹಿಗ್ಗುವ ಪಟ್ಟಿಯೊಂದು ಉಳಿದಿತ್ತು. ಚಳಿಯಲ್ಲಿಟ್ಟು ನೋಡಿದಾಗಲೂ ಅದು ಸೆಡೆಯಲಿಲ್ಲ. ಕಂಡದ್ದು ಆಕಸ್ಮಿಕ, ಆದರೆ ಅದರ ಅರ್ಥವನ್ನು ಗ್ರಹಿಸಿದ್ದು ಐದು ವರ್ಷಗಳ ತಪಸ್ಸು. ಹಸಿ ರಬ್ಬರಿನ ಅಣುಗಳು ಉದ್ದನೆಯ ಸರಪಳಿಗಳಂತಿದ್ದು, ಕಾವೇರಿದಾಗ ಒಂದರ ಮೇಲೊಂದು ಜಾರುತ್ತವೆ. ಗಂಧಕವು ಶಾಖದ ನೆರವಿನಿಂದ ಆ ಸರಪಳಿಗಳ ನಡುವೆ ಸೇತುವೆಗಳನ್ನು ಕಟ್ಟುತ್ತದೆ ಎಂಬುದು ಮುಂದೆ ವಿಜ್ಞಾನಿಗಳಿಗೆ ತಿಳಿಯಿತು. ರೋಮನರ ಅಗ್ನಿದೇವ ವಲ್ಕನ್‌ನ ಹೆಸರಿನಿಂದ ಈ ಕ್ರಿಯೆಗೆ ವಲ್ಕನೀಕರಣವೆಂಬ ಹೆಸರು ಬಂದಿತು.

ಶಾಖವೆಷ್ಟು, ಹೊತ್ತೆಷ್ಟು ಎಂಬುದನ್ನು ನಿಶ್ಚಯಿಸಲು ಮತ್ತೆ ವರ್ಷಗಳು ಹಿಡಿದವು. 1844ರ ಜೂನ್ 15ರಂದು ಅವನಿಗೆ ಅಮೆರಿಕದ ಪೇಟೆಂಟು ದೊರೆಯಿತು. ಇಂಗ್ಲೆಂಡಿನಲ್ಲಿ ಆ ಹಕ್ಕು ಥಾಮಸ್ ಹ್ಯಾಂಕಾಕನ ಪಾಲಾಯಿತು. ಸ್ವದೇಶದಲ್ಲಿಯೂ ಹಲವರು ಅವನ ಹಕ್ಕನ್ನು ಕದ್ದರು. 1852ರ ಮೊಕದ್ದಮೆಯಲ್ಲಿ ಅವನಿಗೆ ಜಯ ಲಭಿಸಿದರೂ ಧನ ಕೈಯಲ್ಲಿ ನಿಲ್ಲಲಿಲ್ಲ. 1855ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಫ್ರಾನ್ಸ್ ಅವನಿಗೆ ಗೌರವ ಪದಕವನ್ನಿತ್ತಿತು. ಅದೇ ನಗರದಲ್ಲಿ ಸಾಲಗಾರನಾಗಿ ಸೆರೆಯನ್ನೂ ಅನುಭವಿಸಿದನು. 1860ರ ಜುಲೈ 1ರಂದು ಅವನು ನ್ಯೂಯಾರ್ಕಿನಲ್ಲಿ ನಿಧನ ಹೊಂದಿದಾಗ ಸುಮಾರು 2 ಲಕ್ಷ ಡಾಲರು ಸಾಲ ಉಳಿದಿತ್ತು. 1898ರಲ್ಲಿ ಆರಂಭವಾದ ಗುಡ್‌ಇಯರ್ ಟೈರು ಕಂಪನಿ ಅವನ ಹೆಸರನ್ನು ಗೌರವಿಸಿತಾದರೂ ಅವನ ವಂಶದವರದಾಗಿರಲಿಲ್ಲ.

1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರನ್ನು ತೊಡಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ರಬ್ಬರಿಗೆ ಇಂಗಾಲದ ಕಪ್ಪುಪುಡಿಯನ್ನು ಬೆರೆಸತೊಡಗಿದ ಮೇಲೆ ಟೈರಿನ ಬಾಳಿಕೆ ಬಹಳವಾಗಿ ಹೆಚ್ಚಿತು. ಇವೆಲ್ಲಕ್ಕೂ ತಳಹದಿ ಗುಡ್‌ಇಯರನ ಶೋಧವೇ.

ಆದರೂ ಯಾವ ಟೈರೂ ಅಮರವಲ್ಲ. ಒಂದೇ ಬಗೆಯ ಎರಡು ಟೈರುಗಳಲ್ಲಿ ಒಂದು ಬೇಗ ಸವೆದು, ಇನ್ನೊಂದು ಬಹುಕಾಲ ಬಾಳುವುದುಂಟು. ಎಂಜಿನ್ನಿನ ಬಲವನ್ನೂ ಹೆಚ್ಚಿನ ಭಾರವನ್ನೂ ಹೊರುವ ಹಿಂದಿನ ಟೈರು ಸಾಮಾನ್ಯವಾಗಿ ಮೊದಲು ಸವೆಯುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಮತ್ತೆ ಮತ್ತೆ ಬಾಗಿ ಕಾವೇರುತ್ತವೆ, ಅಂಚುಗಳು ಸವೆಯುತ್ತವೆ. ಗಾಳಿ ಹೆಚ್ಚಾದರೆ ನಡುಭಾಗ ಸವೆಯುತ್ತದೆ. ಮಿತಿಮೀರಿದ ಹೊರೆ, ಅತಿವೇಗ, ಥಟ್ಟನೆ ಒತ್ತುವ ಬ್ರೇಕು, ಜಲ್ಲಿ ಎದ್ದ ದಾರಿ ಇವೆಲ್ಲ ಅದರ ಆಯುಷ್ಯವನ್ನು ಕಡಿತಗೊಳಿಸುತ್ತವೆ. ಬಳಸದೆ ನಿಲ್ಲಿಸಿದರೂ ಬಿಸಿಲಿಗೂ ಗಾಳಿಗೂ ರಬ್ಬರು ಗಡುಸಾಗಿ ಬಿರಿಯುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ವಯಸ್ಸನ್ನು ಹೇಳುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಗೀರುಗಳ ತಳದಲ್ಲಿರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ಮೇಲ್ಮೈ ಸವೆದಾಗ ಟೈರನ್ನು ಬದಲಿಸಲೇಬೇಕು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಸವಾರನು ಮುಂಗಾರಿನ ಮೊದಲ ಮಳೆಯಲ್ಲಿ ಬೋಳು ಟೈರನ್ನು ನಂಬಿದರೆ, ನೀರನ್ನು ಹೊರದೂಡಲು ಗೀರುಗಳಿಲ್ಲದೆ ಚಕ್ರ ಜಾರುತ್ತದೆ; ಉಳಿಸಿದ ಹಣಕ್ಕಿಂತ ಪ್ರಾಣ ದೊಡ್ಡದು.

ರಬ್ಬರು ಬಿಸಿಲಿಗೂ ಚಳಿಗೂ ತಾಳಿಕೊಳ್ಳುವಂತೆ ಮಾಡಿದವನಿಗೆ ಸುಖದ ಬಾಳು ದೊರೆಯಲಿಲ್ಲ. ಆದರೆ ಅವನ ಕಷ್ಟದ ಫಲ ಇಂದು ಊರೂರಿನ ರಸ್ತೆಗಳಲ್ಲಿ ಉರುಳುತ್ತಿದೆ. ಅದನ್ನು ಜೋಪಾನ ಮಾಡುವ ಹೊಣೆ ಮಾತ್ರ ಬಳಸುವವರದು.